ನೆಗ್ಗಿಲ ಹೂವಿಗೆ ಬರುವ ಸಣ್ಣ ಜೇನುಗಳು

ಮಳೆ ಬಿದ್ದು ಹಂಪಿಯ ಬಂಡೆಗಳ ನಡುವೆಯೂ ದರೋಜಿಯ ಕುರುಚಲು ಕಾಡಿನಲ್ಲೂ ನೆಗ್ಗಿಲು, ತುಂಬೆ, ವಿಷ್ಣುಕ್ರಾಂತಿ ಅರಳಿದವೆಂದರೆ ಕ್ಯಾಮೆರಾ ಹಿಡಿದು ಹೊರಟುಬಿಡುತ್ತೇನೆ. ಜೇನು ಎಂದರೆ ನಮ್ಮ ಜನಕ್ಕೆ ಹೆಜ್ಜೇನು, ತುಡುವೆ, ಕೋಲುಜೇನು. ನಾನು ಹುಡುಕುವುದು ಅಕ್ಕಿಕಾಳಿನಷ್ಟೇ ಇರುವ ಒಂಟಿ ಜೇನುಗಳನ್ನು. ತುಪ್ಪ ಕೂಡಿಡುವ ರೂಢಿ ಇವಕ್ಕಿಲ್ಲ. ಬಹುಪಾಲು ಜಾತಿಗಳಲ್ಲಿ ತಾಯಿ ಒಬ್ಬಳೇ ಗೂಡು ಮಾಡಿ, ಪರಾಗದ ಉಂಡೆಯಿಟ್ಟು, ಅದರ ಮೇಲೊಂದು ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತಾಳೆ.

ಬಣ್ಣ ನಂಬಿ ಹೆಸರು ಹೇಳಬಾರದು. ಬೆಳಗಿನ ಬಿಸಿಲಲ್ಲಿ ಹಸಿರಾಗಿ ಹೊಳೆದ ಹುಳು ಮೋಡ ಬಂದರೆ ಕಪ್ಪಾಗಿ ಕಾಣುತ್ತದೆ. ಮೊದಲು ರೆಕ್ಕೆ, ಮೀಸೆ ನೋಡಬೇಕು: ಎರಡೇ ರೆಕ್ಕೆ, ಮೋಟು ಮೀಸೆಯಾದರೆ ಅದು ಹೂನೊಣ. ಜೇನಿಗೆ ನಾಲ್ಕು ರೆಕ್ಕೆ, ಮೊಣಕೈಯಂತೆ ಬಾಗಿದ ಮೀಸೆ.

ಆಮೇಲೆ ಪರಾಗ ಎಲ್ಲಿದೆ ನೋಡಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಕೋಲುಜೇನು, ನಸರಿ ಜೇನುಗಳ ಹಿಂಗಾಲಲ್ಲಿ ಅದು ಒದ್ದೆ ಉಂಡೆ. ಹ್ಯಾಲಿಕ್ಟಿಡೇ ಕುಟುಂಬದವು ಕಾಲಿನ ರೋಮದಲ್ಲಿ ಒಣ ಪುಡಿಯಾಗಿ ಹೊರುತ್ತವೆ. ಎಲೆ ಕತ್ತರಿಸುವ ಮೆಗಾಕೈಲ್ ಹೊಟ್ಟೆಯಡಿ ಮೆತ್ತಿಕೊಳ್ಳುತ್ತದೆ. ಹೂವಿನ ಮೇಲೆ ಕೂತಾಗ ಹಿಂಭಾಗ ಎತ್ತಿದರೆ ಹಳದಿಯೆಲ್ಲ ಕಾಣುತ್ತದೆ. ರೋಮವೇ ಇಲ್ಲವೆನ್ನುವಷ್ಟು ನುಣುಪಾಗಿ, ಮುಖದ ಮೇಲೆ ಬಿಳಿ ಅಥವಾ ಹಳದಿ ಗೀಟಿದ್ದರೆ ಸೆರಾಟಿನಾ ಇರಬಹುದು. ಆದರೆ ಬ್ರಾನ್ಸಾಪಿಸ್ ಕೂಡ ಹಾಗೇ ಕಾಣುತ್ತದೆ, ಎರಡೂ ಒಣ ಕಡ್ಡಿಯೊಳಗೇ ಗೂಡು ಮಾಡುತ್ತವೆ. ಅದಕ್ಕೇ ಮುಂದಿನ ರೆಕ್ಕೆಯ ಚಿತ್ರ ಬೇಕು: ಅದರ ಮೇಲಂಚಿನ ಹತ್ತಿರ ನರಗಳ ನಡುವೆ ಸಾಲಾಗಿರುವ ಕೋಶಗಳು ಸೆರಾಟಿನಾದಲ್ಲಿ ಮೂರು, ಬ್ರಾನ್ಸಾಪಿಸ್‌ನಲ್ಲಿ ಎರಡು.

ತಂಗಡಿ ಹೂವಿನ ಹತ್ತಿರ ಕಿವಿಯೂ ಕೆಲಸ ಮಾಡುತ್ತದೆ. ಅದರ ಪರಾಗಕೋಶ ತುದಿಯ ರಂಧ್ರದಿಂದಷ್ಟೇ ಪರಾಗ ಬಿಡುತ್ತದೆ. ನೀಲಿ ಪಟ್ಟೆಯ ಅಮೆಜಿಲ್ಲಾ ಅದನ್ನು ಹಿಡಿದು ಝೇಂಕರಿಸಿ ಉದುರಿಸಿಕೊಳ್ಳುತ್ತದೆ. ತುಡುವೆಗೆ ಆ ವಿದ್ಯೆ ಇಲ್ಲ. ಸಂಜೆ ಅಮೆಜಿಲ್ಲಾದ ಗಂಡುಗಳು ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಸಾಲಾಗಿ ನಿದ್ದೆಹೋಗುತ್ತವೆ. ಚಿತ್ರ ತೆಗೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಸಂಡೂರಿನ ಕಡೆ ಕುರಿ ಮೇಯಿಸುತ್ತಿದ್ದ ಅಜ್ಜನನ್ನು, "ಅಜ್ಜಾರ, ಈ ಸಣ್ಣ ಹುಳ ಎಲ್ಲಿರ್ತಾವ್ರಿ?" ಎಂದು ಕೇಳಿದೆ. "ಹೂವಿನಾಗ ಏನ್ ಹುಡುಕ್ತೀಯಪ್ಪಾ, ನಿನ್ನ ಕಾಲಬುಡಕ ನೋಡು" ಎಂದರು. ಗಟ್ಟಿ ಕಾಲುದಾರಿಯ ಮಣ್ಣಲ್ಲಿ ಸಣ್ಣ ಸಣ್ಣ ತೂತು, ಒಂದರ ಬಾಯಲ್ಲಿ ಕಾವಲು ಕೂತಂತೆ ಪುಟ್ಟ ಮುಖ. ಅಂದಿನಿಂದ ಹೂವಿನ ಜೊತೆ ನೆಲವನ್ನೂ ಬರೆದಿಡುತ್ತೇನೆ.

ಬಿಂಗ್‌ಹ್ಯಾಮ್ ಎಂಬ ಕೀಟತಜ್ಞ 1897ರಲ್ಲಿ ತಂದ ಸಂಪುಟದಲ್ಲಿ ನಮ್ಮ ದೇಶದ ಜೇನುಗಳ ವಿವರಣೆಗಳಿವೆ, ಆದರೆ ಎಷ್ಟೋ ಹೆಸರುಗಳು ಆಮೇಲೆ ಬದಲಾಗಿವೆ. ಚಿತ್ರವೊಂದನ್ನೇ ನೋಡಿ ಜಾತಿಯ ಹೆಸರು ಅಂಟಿಸಲು ನಾನು ಒಪ್ಪುವುದಿಲ್ಲ. "ಲೇಸಿಯೋಗ್ಲಾಸಮ್, ಹೆಣ್ಣು, ನೆಗ್ಗಿಲು" ಎಂದು ಕುಲ, ಲಿಂಗ, ಹೂವು ಬರೆದರೆ ಸಾಕು. ಉಳಿದದ್ದು ಸೂಕ್ಷ್ಮದರ್ಶಕದ ಕೆಲಸ.

ಈಗ ಕಂಪ್ಲಿಯ ಭತ್ತದ ಗದ್ದೆಗಳಲ್ಲಿ ಪರಿಚಯದ ರೈತರನ್ನು ಕೇಳಿಕೊಳ್ಳುತ್ತಿದ್ದೇನೆ: ಬದುವಿನ ತುಂಬೆಗೆ ಕಳೆನಾಶಕ ಹೊಡೆಯಬೇಡಿ, ಒಣಗಿದ ಕಡ್ಡಿಗಳನ್ನು ಸುಡಬೇಡಿ. ಕೆಲವರು ಒಪ್ಪಿದ್ದಾರೆ.