ಹಳದಿ ಇಲಿ ಕಲಿಸಿದ ಲೆಕ್ಕ



ಬೂದು ಬಣ್ಣದ ಎರಡು ಸಾಕಿಲಿಗಳಿಗೆ ಬಿಳಿ ಮರಿ ಹುಟ್ಟಿದರೆ ನಾವು ಅಚ್ಚರಿಪಡುತ್ತೇವೆ. ಆದರೆ ಇದಕ್ಕೊಂದು ನಿಯಮವುಂಟು. ಪ್ರತಿ ಮರಿಗೂ ವಂಶವಾಹಿಯ ಎರಡು ಪಾಲು ಬರುತ್ತದೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಬಿಳಿಯ ಪಾಲು ಒಂದೇ ಇದ್ದರೆ ಅದು ಅಡಗಿರುತ್ತದೆ. ಎರಡು ಸೇರಿದರೆ ಮಾತ್ರ ಮೈ ಬಿಳಿ. ಅಂಥ ಪಾಲನ್ನು ಒಳಗಿಟ್ಟುಕೊಂಡ ಎರಡು ಬೂದು ಇಲಿಗಳು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಬಿಳಿ. ಅಗಸ್ಟೀನಿಯನ್ ಸಭೆಯ ಸನ್ಯಾಸಿ ಗ್ರೆಗರ್ ಮೆಂಡೆಲ್ 1866ರಲ್ಲಿ ಬಟಾಣಿ ಗಿಡಗಳ ಬಗ್ಗೆ ಪ್ರಕಟಿಸಿದ ಈ ನಿಯಮ ಇಲಿಗಳಿಗೂ ಸಲ್ಲುತ್ತದೆಂದು ಫ್ರಾನ್ಸಿನ ಲೂಸಿಯೆನ್ ಕ್ಯೂನೋ 1902ರಲ್ಲಿ ತೋರಿಸಿದರು.

ಹಳದಿ ಇಲಿಗಳು ಮಾತ್ರ ಅವರ ಲೆಕ್ಕ ತಪ್ಪಿಸಿದವು. ಹಳದಿಯ ಪಾಲು ಒಂದಿದ್ದರೂ ಮೈ ಹಳದಿ. ಆದ್ದರಿಂದ ಎರಡು ಹಳದಿ ಇಲಿಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಮೂರು ಮರಿ ಹಳದಿಯಾಗಬೇಕು. ಹುಟ್ಟಿದ್ದು ಮೂರರಲ್ಲಿ ಎರಡು. 1905ರ ವೇಳೆಗೂ ಅವರಿಗೆ ಶುದ್ಧ ಹಳದಿ ತಳಿ ಒಂದೂ ಸಿಗಲಿಲ್ಲ. ಇದರ ಗುಟ್ಟನ್ನು ಅಮೆರಿಕದ ಕ್ಯಾಸಲ್ ಮತ್ತು ಲಿಟಲ್ 1910ರಲ್ಲಿ ಬಿಡಿಸಿದರು: ಎರಡೂ ಪಾಲು ಹಳದಿಯಾದ ಮರಿ ಗರ್ಭದಲ್ಲೇ ಸಾಯುತ್ತದೆ. ಅದಕ್ಕೇ ಆ ಜೋಡಿಗಳ ಸೂಲಿನಲ್ಲಿ ಮರಿಗಳೂ ಕಡಿಮೆ. ಒಂದು ಪಾಲು ಬಣ್ಣ ಕೊಡುತ್ತದೆ, ಎರಡು ಪಾಲು ಪ್ರಾಣ ತೆಗೆಯುತ್ತದೆ.

ಇಲಿಯ ಮಾತು ನಮಗೇಕೆ? ವಯನಾಡಿನ ಕೆಲವು ಸಮುದಾಯಗಳಲ್ಲಿ ಸಿಕಲ್ ಸೆಲ್ ರೋಗವಿದೆ. ರಕ್ತಕಣಗಳು ಕುಡುಗೋಲಿನಂತೆ ಬಾಗುತ್ತವೆ. ಇಲ್ಲಿಯೂ ಅದೇ ಲೆಕ್ಕ. ಇದರ ಪಾಲು ಒಂದೇ ಇದ್ದವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಕಠಿಣ ಮಲೇರಿಯಾದಿಂದ ಅವರಿಗೆ ಸ್ವಲ್ಪ ರಕ್ಷಣೆಯೂ ಉಂಟು. ಎರಡು ಪಾಲು ಬಂದ ಮಗು ಹುಟ್ಟಿ ಬದುಕುತ್ತದೆ, ಆದರೆ ರಕ್ತಹೀನತೆ ಮತ್ತು ತೀವ್ರ ಮೈಕೈ ನೋವಿನಿಂದ ನರಳುತ್ತದೆ. ಒಂದೊಂದು ಪಾಲುಳ್ಳ ಗಂಡಹೆಂಡಿರಿಗೆ ಪ್ರತಿ ಬಸಿರಿನಲ್ಲೂ ಈ ಸಂಭವ ನಾಲ್ಕರಲ್ಲೊಂದು. ಮೊದಲ ಮಗು ಗಟ್ಟಿಮುಟ್ಟಾಗಿದೆಯೆಂದು ಎರಡನೆಯದಕ್ಕೆ ಸಂಭವ ಕಡಿಮೆಯಾಗುವುದಿಲ್ಲ.

ಮಗು ಕಾಯಿಲೆ ಬಿದ್ದರೆ ಸೊಸೆಯ ಕಡೆಗೆ ಬೆರಳು ತೋರಿಸುವ ಮನೆಗಳನ್ನು ನಾವು ಕಂಡಿದ್ದೇವೆ. ಲೆಕ್ಕ ನೋಡಿ: ಒಂದು ಪಾಲು ತಾಯಿಯದಾದರೆ ಇನ್ನೊಂದು ತಂದೆಯದು. ಇಬ್ಬರೂ ಅದನ್ನು ಬೇಕೆಂದು ತಂದವರಲ್ಲ.

ಅಡಗಿದ ಪಾಲು ಮುಖ ನೋಡಿದರೆ ತಿಳಿಯದು, ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಮನೆತನದಲ್ಲಿ ಈ ರೋಗವಿದ್ದರೆ ಮದುವೆಗೆ ಮುಂಚೆಯೇ ಪರೀಕ್ಷೆ ಮಾಡಿಸಿರಿ. ರೋಗ ಇರುವ ಮಗುವಿಗೆ ಬೇಗನೆ ಚಿಕಿತ್ಸೆ ಆರಂಭಿಸಿದರೆ ನೋವು ಕಡಿಮೆ ಮಾಡಬಹುದು. ತಳಿ ನೋಡಿ ಹೋರಿ ಆರಿಸುವ ನಾವು ಮಕ್ಕಳ ವಿಷಯದಲ್ಲಿ ಇಷ್ಟು ಎಚ್ಚರವಾದರೂ ವಹಿಸೋಣ.