ಸಿಂಕಿನ ಕೆಳಗೆ ತೆಂಗಿನೆಣ್ಣೆ

ತೆಂಗಿನೆಣ್ಣೆ ಹೆಪ್ಪುಗಟ್ಟುವುದು ಸುಮಾರು 24 ಡಿಗ್ರಿಗೆ. ಪುತ್ತೂರಿನಲ್ಲಿ ಇದು ತಲೆಗೆ ಹಚ್ಚುವ ಎಣ್ಣೆಯ ಬಾಟಲಿಗೆ ಮಾತ್ರ ಸಂಬಂಧಪಟ್ಟ ಸಂಗತಿ. ಬೆಂಗಳೂರಿಗೆ ಬಂದ ಮೇಲೂ ಅದೇ ಎಣ್ಣೆಯಲ್ಲಿ ಅದೇ ಪಲ್ಯ, ಅದೇ ಒಗ್ಗರಣೆ ಮಾಡಿಕೊಂಡಿದ್ದ ನಮಗೆ ಅದರ ಸಂಬಂಧ ಅಡುಗೆಮನೆಯ ಸಿಂಕಿಗೂ ಇದೆ ಎಂದು ತಿಳಿದದ್ದು ಡಿಸೆಂಬರ್ ಚಳಿಯಲ್ಲಿ. ರಾತ್ರಿ ಮುಸುರೆ ಪಾತ್ರೆ ತೊಳೆಯುವಾಗ ಸಲೀಸಾಗಿ ಇಳಿದ ನೀರು ಬೆಳಿಗ್ಗೆ ಕಾಫಿ ಲೋಟ ತೊಳೆಯುವಾಗ ನಿಂತೇ ಇರುತ್ತಿತ್ತು.

ನೀರು ನಿಂತ ಕೂಡಲೇ ಎಲ್ಲರ ಕೈಯೂ ಏನಾದರೊಂದನ್ನು ಸುರಿಯಲು ಹೋಗುತ್ತದೆ. ಅಡುಗೆ ಸೋಡಾ ಹಾಕಿ ನಿಂಬೆ ಹಿಂಡಿ ಎನ್ನುವವರು, ಕುದಿಯುವ ನೀರು ಹೊಯ್ಯಿರಿ ಎನ್ನುವವರು, ಅಂಗಡಿಯ ಪುಡಿ ತನ್ನಿ ಎನ್ನುವವರು. ಸೋಡಾಕ್ಕೆ ಹುಳಿ ಬಿದ್ದರೆ ಭುಸ್ಸೆಂದು ನೊರೆ ಬರುವುದು ನಿಜ, ನೋಡಲು ಖುಷಿಯೂ ಹೌದು. ಆದರೆ ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಕ್ಷಾರವೂ ಆಮ್ಲವೂ ಒಂದನ್ನೊಂದು ತಿಂದು ಮುಗಿಸಿ, ಉಳಿಯುವುದು ಉಪ್ಪುಪ್ಪು ನೀರು. ಜಿಡ್ಡು ಇದ್ದಲ್ಲೇ ಇರುತ್ತದೆ. ಕುದಿಯುವ ನೀರು ಜಿಡ್ಡನ್ನು ಕರಗಿಸುತ್ತದೆ, ಸರಿ. ಕರಗಿದ್ದು ಎರಡು ಮಾರು ಮುಂದೆ ಹೋಗಿ, ತಣ್ಣಗಾಗಿ, ಕೈಗೆ ಸಿಗದ ಜಾಗದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಜೊತೆಗೆ ಪಿವಿಸಿ ಪೈಪು 80 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ.

ಪುಡಿಯ ಕತೆ ಬೇರೆ. ನಮ್ಮ ಬೀದಿಯ ಪ್ಲಂಬರ್ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ ಒಂದೇ: “ಪುಡಿ ಹಾಕಿದ್ರಾ ಸಾರ್?” ಹಾಕಿದ್ದೇವೆ ಎಂದರೆ ಅವನ ಮುಖ ಬದಲಾಗುತ್ತದೆ. ಆ ಪುಡಿಗಳಲ್ಲಿ ಹೆಚ್ಚಿನವು ಕಾಸ್ಟಿಕ್ ಸೋಡಾ. ನೀರು ಸ್ವಲ್ಪವಾದರೂ ಹರಿಯುತ್ತಿದ್ದರೆ ಅದು ಜಿಡ್ಡನ್ನು ಸೋಪಾಗಿಸಿ ಕೊಂಡೊಯ್ಯಬಹುದು. ಪೂರ್ತಿ ನಿಂತ ನೀರಿನಲ್ಲಾದರೆ ತಳದಲ್ಲಿ ಕೂತು ಬಿಸಿಯೇರಿ, ಒಮ್ಮೊಮ್ಮೆ ಕಲ್ಲಿನಂತೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಪೈಪು ಬಿಚ್ಚುವವನ ಕೈಗೆ, ಕಣ್ಣಿಗೆ ಸಿಡಿಯುವುದು ಅದೇ ನೀರು. ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿಯುವ ಧೈರ್ಯವಂತರೂ ಇದ್ದಾರೆ. ಕ್ಷಾರಕ್ಕೆ ಆಮ್ಲ ತಾಗಿದರೆ ಕೊತಕೊತ ಕುದಿದು ಮೇಲಕ್ಕೆ ಚಿಮ್ಮುತ್ತದೆ.

ಇವೆಲ್ಲಕ್ಕಿಂತ ಸುಲಭದ್ದು ಬಿಚ್ಚುವುದು. ಸಿಂಕಿನ ಕೆಳಗೆ ತೂಗುವ ಬಾಟಲ್ ಟ್ರ್ಯಾಪ್ ಎಂಬ ಪುಟ್ಟ ಡಬ್ಬಿಯನ್ನು ಮಾಡಿರುವುದೇ ಬಿಚ್ಚಲೆಂದು. ಅದರೊಳಗೆ ಸದಾ ಒಂದಿಷ್ಟು ನೀರು ನಿಂತು ಚರಂಡಿಯ ವಾಸನೆಯನ್ನೂ ಜಿರಲೆಯನ್ನೂ ತಡೆಯುತ್ತದೆ. ಭಾರವಾದ ಕಸ ಅಲ್ಲೇ ತಂಗುತ್ತದೆ. ಅಡುಗೆಮನೆಯ ಸಿಂಕು ಕಟ್ಟಿದಾಗ ಅಡ್ಡಿ ಬಹಳ ಸಲ ಇಲ್ಲೇ, ಒಂದು ಮೊಳದೊಳಗೇ ಇರುತ್ತದೆ. ಮೊದಲು ನಿಂತ ನೀರನ್ನು ಮಗ್ಗಿನಿಂದ ತೋಡಿ ತೆಗೆಯಬೇಕು, ಕೆಳಗೆ ಬಕೆಟ್ ಇಡಬೇಕು. ಆಮೇಲೆ ಒಣ ಬಟ್ಟೆ ಸುತ್ತಿ ಕೈಯಲ್ಲೇ ತಿರುಗಿಸಿದರೆ ತಳದ ಬಟ್ಟಲು ಕಳಚುತ್ತದೆ. ಪೈಪ್ ರೆಂಚ್ ಹಾಕಿದರೆ ಪ್ಲಾಸ್ಟಿಕ್ಕಿನ ತಿರುಪಿನ ಮರೆ ಒಡೆಯುತ್ತದೆ. ಒಳಗಿನ ರಬ್ಬರ್ ವಾಷರ್ ಯಾವ ಮಗ್ಗುಲಾಗಿ ಕೂತಿತ್ತು ಎಂದು ನೋಡಿಟ್ಟುಕೊಳ್ಳಿ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದರೆ ಇನ್ನೂ ಒಳ್ಳೆಯದು.

ನಮ್ಮದರಲ್ಲಿ ಸಿಕ್ಕಿದ್ದು ಬೂದು ಬಿಳಿಯ ಒಂದು ಗಟ್ಟಿ. ಚಮಚದಿಂದ ಕೆರೆದರೆ ಪದರಪದರವಾಗಿ ಬರುತ್ತಿತ್ತು, ಒಳಗೆ ಸಾಸಿವೆ ಕಾಳು, ಕರಿಬೇವಿನ ದಂಟು, ತೆಂಗಿನ ತುರಿ, ಹುಣಸೆಯ ನಾರು. ವಾಸನೆಯನ್ನು ಬರೆಯುವುದಿಲ್ಲ. ಅಂಗೈಯಲ್ಲಿ ಹಿಡಿದ ಹೊರಗಿನ ಪದರ ಶಾಖಕ್ಕೆ ಕರಗಿ ಜಾರತೊಡಗಿತು. ಅದು ನಮ್ಮ ಎಣ್ಣೆಯೇ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ. ಅಡಿಯ ಪದರ ಮಾತ್ರ ಕರಗಲೇ ಇಲ್ಲ. ಬೋರ್‌ವೆಲ್ಲಿನ ಗಡಸು ನೀರಿನ ಕ್ಯಾಲ್ಸಿಯಂ ಹಳೆಯ ಜಿಡ್ಡಿನ ಆಮ್ಲಗಳ ಜೊತೆ ಸೇರಿದರೆ ನೀರಿಗೆ ಜಗ್ಗದ ಒಂದು ಬಗೆಯ ಸೋಪಾಗುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬೀದಿಯಡಿಯ ಚರಂಡಿಯಲ್ಲಿ ಸಿಕ್ಕ 250 ಮೀಟರ್ ಉದ್ದದ, 130 ಟನ್ ತೂಕದ ಕೊಬ್ಬಿನ ಗುಡ್ಡೆಯಲ್ಲೂ ಇದ್ದದ್ದು ಇದೇ ಬಗೆಯ ವಸ್ತು, ಒದ್ದೆ ವೈಪುಗಳ ಸಮೇತ.

ಟ್ರ್ಯಾಪ್ ಇಲ್ಲದ ಮನೆಗಳೂ ಬೇಕಾದಷ್ಟಿವೆ. ಬಾಡಿಗೆ ಮನೆಗಳಲ್ಲಿ ಮಡಿಕೆಮಡಿಕೆಯ ವೇಸ್ಟ್ ಪೈಪನ್ನು ನೇರ ಗೋಡೆಯ ತೂತಿಗೆ ತುರುಕಿ, ಸುತ್ತ ಬಟ್ಟೆಯೋ ಸಿಮೆಂಟೋ ಮೆತ್ತಿರುತ್ತಾರೆ. ಆ ಮಡಿಕೆ ಒಂದೊಂದೂ ಜಿಡ್ಡಿಗೆ ಮೆಟ್ಟಿಲು. ಅಂಥ ಪೈಪನ್ನು ತೊಳೆಯುತ್ತ ಕೂರುವುದಕ್ಕಿಂತ ಹಾರ್ಡ್‌ವೇರ್ ಅಂಗಡಿಗೆ ಹಳೆಯದನ್ನೇ ಒಯ್ದು, ಅದೇ ಅಳತೆಯದನ್ನು ತಂದು ಬದಲಾಯಿಸುವುದೇ ಮೇಲು.

ಬಿಚ್ಚಲು ಮನಸ್ಸಿಲ್ಲದವರಿಗೆ ಪ್ಲಂಜರ್ ಇದೆ. ಅದರ ಬಟ್ಟಲು ಮುಳುಗುವಷ್ಟು ನೀರಿರಬೇಕು. ಓವರ್‌ಫ್ಲೋ ತೂತನ್ನೂ, ಎರಡು ತೊಟ್ಟಿಯ ಸಿಂಕಾದರೆ ಇನ್ನೊಂದರ ಬಾಯನ್ನೂ ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು. ಇಲ್ಲದಿದ್ದರೆ ನಿಮ್ಮ ಶಕ್ತಿಯೆಲ್ಲ ಗಾಳಿಯಾಗಿ ಅಲ್ಲಿಂದ ಹೋಗುತ್ತದೆ. ಜನ ಜೋರು ತೋರಿಸುವುದು ಒತ್ತುವಾಗ. ಕೆಲಸ ಮಾಡುವುದು ಎಳೆತವೂ. ಒತ್ತಿದಾಗ ಗಟ್ಟಿ ಮುಂದಕ್ಕೆ, ಎಳೆದಾಗ ಹಿಂದಕ್ಕೆ, ಹೀಗೆ ಅಲ್ಲಾಡಿ ಅಲ್ಲಾಡಿ ಒಡೆಯುತ್ತದೆ. ಒಡೆದು ಮೇಲೆ ಬಂದದ್ದನ್ನು ಬಾಚಿ ಕಸದ ಡಬ್ಬಿಗೇ ಹಾಕಿ.

ಎಲ್ಲ ಮತ್ತೆ ಜೋಡಿಸಿದ ಮೇಲೆ ಸಿಂಕಿನ ಕೆಳಗೆ ಹಳೆಯ ಪತ್ರಿಕೆ ಹಾಸಿ, ಸಿಂಕು ತುಂಬ ನೀರು ತುಂಬಿಸಿ ಒಂದೇ ಸಲಕ್ಕೆ ಬಿಡಬೇಕು. ನಲ್ಲಿಯ ಸಣ್ಣ ಧಾರೆಗೆ ಸೋರದ ಮರೆ ಆ ಭಾರಕ್ಕೆ ಸೋರಬಹುದು. ಕಣ್ಣಿಗೆ ಬೀಳದ ಹನಿಯನ್ನೂ ಪತ್ರಿಕೆ ಹಿಡಿದು ತೋರಿಸುತ್ತದೆ.

ಇಷ್ಟೆಲ್ಲ ಆದರೂ ಜನವರಿಯಲ್ಲಿ ನೀರು ಮತ್ತೆ ನಿಂತಿತು. ಟ್ರ್ಯಾಪ್ ಬಿಚ್ಚಿದರೆ ಸ್ವಚ್ಛ. ನಮ್ಮದು ನಾಲ್ಕು ಅಂತಸ್ತಿನ ಕಟ್ಟಡದ ನೆಲಮಹಡಿಯ ಮನೆ. ಆ ದಿನ ನಾವು ಒಲೆಯನ್ನೇ ಹಚ್ಚಿರಲಿಲ್ಲ, ಸಿಂಕಿನಲ್ಲಿ ನೋಡಿದರೆ ಸಾರಿನ ಬಣ್ಣದ ನೀರು, ಅದರ ಮೇಲೆ ತೇಲುವ ಕರಿಬೇವು. ಎಲ್ಲ ಅಡುಗೆಮನೆಗಳ ನೀರೂ ಒಂದೇ ಕೊಳವೆಯಲ್ಲಿ ಇಳಿಯುತ್ತದೆ. ಅದರ ಬುಡ ಕಟ್ಟಿದರೆ ಮೇಲಿನವರು ಸುರಿದದ್ದಕ್ಕೆ ಮೊದಲು ತೆರೆದುಕೊಳ್ಳುವ ಬಾಯಿ ನೆಲಮಹಡಿಯದು. ನಮ್ಮ ನಲ್ಲಿ ಮುಚ್ಚಿದ್ದರೂ ಸಿಂಕಿನಲ್ಲಿ ನೀರು ಏರುತ್ತಿದ್ದರೆ ಪ್ಲಂಜರ್ ಪಕ್ಕಕ್ಕಿಟ್ಟು ಹೊರಗಿನ ಚೇಂಬರಿನ ಮುಚ್ಚಳ ಎತ್ತಿಸಬೇಕು.

ಅಲ್ಲಿಗೆ ಇದು ಕಟ್ಟಡದ ಎಲ್ಲರ ವಿಷಯವಾಯಿತು. ಯಾರನ್ನಾದರೂ ಕರೆಸಿ ಒಳಗೆ ಇಳಿಸಿಬಿಡೋಣ ಎಂದು ಒಬ್ಬರು ಸಹಜವಾಗಿಯೇ ಹೇಳಿದರು. ಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ ಎಂದು ಅವರಿಗೆ ಹೇಳಬೇಕಾಯಿತು. ಕಡೆಗೆ ಒತ್ತಡದ ನೀರಿನ ಯಂತ್ರ ತರಿಸುವುದೆಂದಾಯಿತು. ದುಡ್ಡಿನ ಮಾತು ಬಂದಾಗ ಮೇಲಿನ ಮಹಡಿಯವರು, “ನಮ್ಮ ಸಿಂಕು ಚೆನ್ನಾಗೇ ಹೋಗ್ತಿದೆಯಲ್ಲ, ನಾವ್ಯಾಕೆ ಕೊಡಬೇಕು?” ಎಂದರು. ಅವರನ್ನು ಕೆಳಗೆ ಕರೆದು ನಮ್ಮ ಸಿಂಕು ತೋರಿಸಿದೆ. ಅವರ ಹೆಂಡತಿ ನೀರಿಗೆ ಬಗ್ಗಿ ನೋಡಿ, “ಇದು ನಮ್ಮ ಬೆಳಗ್ಗಿನ ಬಸ್ಸಾರು ಕಣ್ರೀ” ಎಂದರು. ಖರ್ಚು ನಾಲ್ಕು ಪಾಲಾಯಿತು.

ಈಗ ಬಾಣಲೆ ಸಿಂಕಿಗೆ ಬೀಳುವ ಮೊದಲು ಅದರ ಎಣ್ಣೆಯನ್ನು ಹಳೆಯ ಪತ್ರಿಕೆಯ ಚೂರಿನಿಂದ ಒರೆಸುತ್ತೇವೆ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದ್ದೇವೆ. ದೋಸೆ ಹಿಟ್ಟಿನ ಪಾತ್ರೆಯ ಮೊದಲ ತೊಳೆನೀರು ಕರಿಬೇವಿನ ಗಿಡಕ್ಕೆ. ಮೂರನೇ ಮಹಡಿಯವರು ಮಾತ್ರ ಇನ್ನೂ ಅಡುಗೆ ಸೋಡಾ, ನಿಂಬೆಹಣ್ಣನ್ನೇ ನಂಬಿದ್ದಾರೆ.