ಗಿಬ್ಯೋನಿನಲ್ಲಿ ಕೇಳದವರೂ ಕೇಳಿದವನೂ

(ಓದತಕ್ಕ ಭಾಗಗಳು: ಯೆಹೋಶುವ 9, 1 ಅರಸುಗಳು 3)

ದೇವರಿಂದ ಜ್ಞಾನವನ್ನು ಬೇಡುವ ವಿಷಯದಲ್ಲಿ ಗಿಬ್ಯೋನೆಂಬ ಒಂದೇ ಊರು ನಮಗೆ ಎರಡು ಪಾಠಗಳನ್ನು ಕಲಿಸುತ್ತದೆ.

ಯೆಹೋಶುವನ ಕಾಲದಲ್ಲಿ ಆ ಊರಿನವರು ಹಳೆಯ ಗೋಣಿಗಳನ್ನೂ ತೇಪೆಹಾಕಿದ ಬುದ್ದಲಿಗಳನ್ನೂ ಬೂಷ್ಟು ಹಿಡಿದ ರೊಟ್ಟಿಯನ್ನೂ ತಂದು, ತಾವು ದೂರದೇಶದವರೆಂದು ಹೇಳಿಕೊಂಡರು. ಇಸ್ರಾಯೇಲಿನ ಹಿರಿಯರು ಮೂಢರಾಗಿರಲಿಲ್ಲ. ಸಂದೇಹಪಟ್ಟು ಪ್ರಶ್ನೆಮಾಡಿದರು, ರೊಟ್ಟಿಯನ್ನೂ ಪರೀಕ್ಷಿಸಿದರು. ಆದರೆ ಕಣ್ಣಿಗೆ ಕಂಡದ್ದೇ ಸಾಕೆಂದೆಣಿಸಿ ಯೆಹೋವನನ್ನು ಮಾತ್ರ ಕೇಳದೆಹೋದರು. ಮೂರು ದಿನಗಳಾದ ಮೇಲೆ, ಬಂದವರು ನೆರೆಯವರೇ ಎಂದು ತಿಳಿಯಿತು. ಇಟ್ಟ ಆಣೆಯನ್ನು ಮುರಿಯುವ ಹಾಗಿರಲಿಲ್ಲ.

ಬಹುಕಾಲದ ಮೇಲೆ ಅದೇ ಗಿಬ್ಯೋನಿನಲ್ಲಿ ಸೊಲೊಮೋನನು ಸಾವಿರ ಸರ್ವಾಂಗಹೋಮಗಳನ್ನು ಅರ್ಪಿಸಿದನು. ಅಲ್ಲಿ ರಾತ್ರಿ ಸ್ವಪ್ನದಲ್ಲಿ ದೇವರು, ನಿನಗೇನು ಬೇಕೆಂದು ಕೇಳಲು, ಅವನು ಆ ಸಾವಿರವನ್ನು ಹೆಸರಿಸಲೇ ಇಲ್ಲ. ಅರಸನಾಗಿದ್ದರೂ ತಾನು ಏನೂ ತಿಳಿಯದ ಹುಡುಗನೆಂದು ಒಪ್ಪಿಕೊಂಡು, ಜನರಿಗೆ ನ್ಯಾಯತೀರಿಸುವ ವಿವೇಕವನ್ನು ಬೇಡಿದನು.

ಹಿರಿಯರೆನ್ನಿಸಿಕೊಂಡ ನಾವಾದರೋ ಮೊದಲು ತೀರ್ಮಾನಿಸಿ ಅನಂತರ ಪ್ರಾರ್ಥಿಸುತ್ತೇವೆ! ಒಮ್ಮೆ ನಾವು ಸಭೆಯ ಇಬ್ಬರು ಸಹೋದರರ ಹೊಲದ ಜಗಳದಲ್ಲಿ, ಬದುವಿನ ಕಲ್ಲನ್ನು ನೋಡಿದೊಡನೆ ತೀರ್ಪು ಕೊಟ್ಟೆವು. ಆ ಕಲ್ಲು ಹಿಂದಿನ ಮಳೆಗಾಲದಲ್ಲಿ ಸರಿದದ್ದೆಂದು ಆಮೇಲೆ ತಿಳಿದುಬಂತು. ಒಂದು ರಾತ್ರಿ ಮೊಣಕಾಲೂರಿ ತಾಳಿದ್ದರೆ, ನೆರೆಹೊಲದ ಮುದುಕನನ್ನಾದರೂ ಕೇಳುವಷ್ಟು ತಗ್ಗುತ್ತಿದ್ದೆವು. ಅಷ್ಟರೊಳಗೆ ಒಂದು ಕುಟುಂಬವು ಕರ್ತನ ಭೋಜನಕ್ಕೆ ಬರುವದನ್ನು ಬಿಟ್ಟಿತ್ತು. ನಾವೇ ಅವರ ಬಾಗಿಲಿಗೆ ಹೋಗಿ, ತಪ್ಪು ನಮ್ಮದೆಂದು ಹೇಳಬೇಕಾಯಿತು.